ಒಂದನೇ ನಂಬರಿನ ಅಕ್ಕ

ಸೈಕಲ್ ರಿಪೇರಿ ಅಂಗಡಿಯ ಮೇಲಿರುವ ಆ ಎರಡು ಕೋಣೆಗಳಿಗೆ ಬೋರ್ಡಿನಲ್ಲಿ ಮೊಳದುದ್ದದ ಹೆಸರಿದೆ. ಅದನ್ನು ಪೂರ್ತಿ ಓದುವಷ್ಟು ಪುರುಸೊತ್ತು ಬೀದಿಯಲ್ಲಿ ಯಾರಿಗೂ ಇಲ್ಲದ್ದರಿಂದ ಎಲ್ಲರ ಬಾಯಲ್ಲೂ ಅದು ಅಕ್ಕನ ಮಹಡಿ. ಮುಂದಿನ ಕೋಣೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹೆಂಗಸರು ಓದುಬರಹ ಕಲಿಯುತ್ತಾರೆ. ಹಿಂದಿನ ಕೋಣೆಯಲ್ಲಿ ಒಂದು ಎತ್ತರದ ಮಂಚ, ಒಂದು ಹಸಿರು ಪರದೆ, ಕೈ ತೊಳೆಯುವ ಬೇಸಿನ್ನು, ಹಿತ್ತಲಿಗೆ ಇಳಿಯುವ ಕಬ್ಬಿಣದ ಮೆಟ್ಟಿಲಿಗೊಂದು ಬಾಗಿಲು. ಆರು ತಿಂಗಳಿಗೊಮ್ಮೆ ಅಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆಯ ಶಿಬಿರ ನಡೆಯುತ್ತದೆ. ಓದಿಗೂ ಶಿಬಿರಕ್ಕೂ ಯಜಮಾನಿ ಒಬ್ಬಳೇ.

ಅಕ್ಕನಿಗೆ ಈಗ ಐವತ್ತೆರಡು. ಇಪ್ಪತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದವಳು. ಅಕ್ಷರ ಕಲಿತದ್ದೇ ಮೂವತ್ತರ ಮೇಲೆ, ಇದೇ ಮಹಡಿಯಲ್ಲಿ. ಸಂಸ್ಥೆ ಕಟ್ಟಿದ ಡಾಕ್ಟರಮ್ಮ ವಯಸ್ಸಾಗಿ ಮಗಳ ಊರಿಗೆ ಹೊರಟಾಗ ಬೀರುವಿನ ಬೀಗದ ಕೈಯನ್ನು ಓದಿದವರಿಗೆ ಯಾರಿಗೂ ಕೊಡದೆ ಇವಳ ಕೈಗಿಟ್ಟರು. ಬಾಗಿಲು ಬಡಿದು, ಬೈಸಿಕೊಂಡು, ಮಾರನೆಯ ದಿನ ಅದೇ ಬಾಗಿಲನ್ನು ಮತ್ತೆ ಬಡಿಯುವ ಮೊಂಡುತನ ಓದಿದವರಲ್ಲಿ ಕಡಿಮೆ ಅಂತ ಅವರಿಗೆ ಗೊತ್ತಿತ್ತು. ಆ ಮೊಂಡುತನದಿಂದಲೇ ಹನ್ನೊಂದು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಹೆಂಗಸರು ಆ ಹಸಿರು ಪರದೆಯ ಹಿಂದೆ ಹೋಗಿ ಬಂದರು.

ಮೊದಮೊದಲು ಯಾರೂ ಬರುತ್ತಿರಲಿಲ್ಲ. ಕಾಯಿಲೆಗೆ ಹೆದರಿದವರಿಗಿಂತ ಹೆಸರು ಹೊರಬಿದ್ದೀತೆಂದು ಹೆದರಿದವರೇ ಹೆಚ್ಚು. ಅಕ್ಕ ಅದಕ್ಕೊಂದು ದರ್ಜಿಯ ಉಪಾಯ ಹೂಡಿದಳು. ಅಂಗೈಯಗಲದ ಬಟ್ಟೆಯ ಚೂರುಗಳ ಮೇಲೆ ದಪ್ಪ ದಾರದಿಂದ ಅಂಕಿ ಹೊಲಿದಳು, ಒಂದರಿಂದ ನಲವತ್ತರವರೆಗೆ. ಬಂದವಳಿಗೆ ಒಂದು ಚೂರು. ಪರೀಕ್ಷೆಗೆ ತೆಗೆದದ್ದನ್ನು ಸವರಿ ಆಸ್ಪತ್ರೆಗೆ ಕಳಿಸುವ ಗಾಜಿನ ಪಟ್ಟಿಯ ಮೇಲೂ ಅದೇ ಅಂಕಿ, ಎರಡು ವಾರದ ಮೇಲೆ ಬರುವ ವರದಿಯ ಲಕೋಟೆಯ ಮೇಲೂ ಅದೇ ಅಂಕಿ. ಯಾವ ಅಂಕಿ ಯಾರದೆಂಬ ಪುಸ್ತಕ ಮಾತ್ರ ಬೀರುವಿನೊಳಗೆ. ತುರ್ತಿದ್ದರೆ ತಿಳಿಸಲೆಂದು ಆಸ್ಪತ್ರೆಗೆ ಕೊಟ್ಟದ್ದು ಅಕ್ಕನ ಮನೆಯ ಫೋನು ಒಂದೇ. ಅಂಕಿ ಕಲಿಯದವಳು ಕೂಡ ಬೆರಳಾಡಿಸಿ ತನ್ನ ನಂಬರು ಗುರುತಿಸಬಹುದಿತ್ತು. ಗೋಡೆಗೂ ಕಿವಿಯಿರುವ ಬೀದಿಯಲ್ಲಿ ಹನ್ನೊಂದು ವರ್ಷದಿಂದ ಒಂದು ಹೆಸರೂ ಸೋರಿರಲಿಲ್ಲ.

ಒಂದನೇ ನಂಬರು ಯಾವಾಗಲೂ ಅಕ್ಕನದು. ಶಿಬಿರದ ಬೆಳಿಗ್ಗೆ ಎಲ್ಲರಿಗೂ ಕಾಣುವಂತೆ ಆ ಚೂರನ್ನು ಎತ್ತಿ ಹಿಡಿದು, "ಇದ್ರಲ್ಲಿ ಹೆದರೋಕೆ ಏನಿದೆ? ಇರುವೆ ಕಚ್ಚಿದಷ್ಟೂ ಇಲ್ಲ" ಅಂತ ಹೇಳಿ ಅವಳೇ ಮೊದಲು ಒಳಗೆ ಹೋಗುವಳು. ಐದು ನಿಮಿಷಕ್ಕೆ ನಗುನಗುತ್ತಾ ಹೊರಗೆ ಬರುವಳು. ಅವಳ ನಗು ನೋಡಿ ಎರಡನೆಯವಳು ಏಳುವಳು, ಎರಡನೆಯವಳನ್ನು ನೋಡಿ ಮೂರನೆಯವಳು. ಒಂದನೇ ನಂಬರಿನ ಅಕ್ಕ ಅಂತ ಹೆಸರು ಬಿದ್ದದ್ದು ಹಾಗೆ.

ಈಗ ನಿಜ ಹೇಳಿಬಿಡಬೇಕು. ಅಕ್ಕ ಒಂದು ಸಲವೂ ಪರೀಕ್ಷೆ ಮಾಡಿಸಿಕೊಂಡವಳಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಹಾಗೆ. ಪರದೆಯ ಹಿಂದೆ ಹೋಗಿ ಮಂಚದ ತುದಿಯಲ್ಲಿ ಕೂರುವಳು, ಗಡಿಯಾರ ನೋಡುವಳು, ಮುಖ ಸರಿಮಾಡಿಕೊಂಡು ಏಳುವಳು. ಹಳೆಯ ನರ್ಸಮ್ಮ ಮೊದಲ ಸಲ ಬೈದರು, ಎರಡನೆಯ ಸಲ ಬೇಡಿಕೊಂಡರು, ಆಮೇಲೆ ರೂಢಿಯಾಗಿ ಸುಮ್ಮನಾದರು. ಮನೆಯಲ್ಲಿ ಗಂಡನಿಗೂ ಅಕ್ಕ ಇದೇ ಸುಳ್ಳನ್ನು ವರ್ಷಕ್ಕೆರಡು ಸಲ ಹೇಳುತ್ತಾ ಬಂದಿದ್ದಳು.

ಅವಳನ್ನು ಕಪಟಿ ಅಂತ ತಳ್ಳಿಹಾಕುವುದು ಸುಲಭ. ನನಗೂ ಒಮ್ಮೊಮ್ಮೆ ಅವಳ ಮೇಲೆ ಕೋಪ ಬರುತ್ತದೆ. ಆದರೆ ಅವಳು ಹೆದರಿದ್ದಳು, ಅಷ್ಟೇ. ಅವಳಿಗೆ ಹದಿನಾಲ್ಕಾಗಿದ್ದಾಗ ಅವಳ ತಾಯಿ ಎಷ್ಟೋ ತಿಂಗಳ ರಕ್ತಸ್ರಾವವನ್ನು ಬಚ್ಚಿಟ್ಟು ಕೊನೆಗೊಮ್ಮೆ ಆಸ್ಪತ್ರೆಗೆ ನಡೆದುಕೊಂಡೇ ಹೋಗಿದ್ದಳು. ದಾರಿಯಲ್ಲಿ ನೆರೆಯವಳೊಬ್ಬಳನ್ನು ಅಣಕಿಸಿ ಮಗಳನ್ನು ನಗಿಸಿದ್ದಳು ಕೂಡ. ಪರದೆಯ ಹಿಂದೆ ಹೋದಳು, ಹೊರಗೆ ಬಂದಳು, ನಾಲ್ಕು ತಿಂಗಳಲ್ಲಿ ಸತ್ತಳು. ಪರದೆಯ ಒಳಗೆ ಹೋಗುವ ತನಕ ಅಮ್ಮ ಚೆನ್ನಾಗೇ ಇದ್ದಳು ಎಂದು ಆ ಹುಡುಗಿ ಲೆಕ್ಕ ಹಾಕಿದಳು. ಆ ಲೆಕ್ಕ ತಪ್ಪೆಂದು ಮುಂದೆ ಆರುನೂರು ಹೆಂಗಸರಿಗೆ ಬಿಡಿಸಿ ಹೇಳಿದವಳ ಸ್ವಂತ ಮೈ ಮಾತ್ರ ಅದನ್ನು ಒಪ್ಪಲೇ ಇಲ್ಲ.

ಈ ಸಲದ ಶಿಬಿರಕ್ಕೆ ಹಳೆಯ ನರ್ಸಮ್ಮ ಇರಲಿಲ್ಲ, ನಿವೃತ್ತರಾಗಿದ್ದರು. ಬಂದದ್ದು ಬೇರೆ ಊರಿನಿಂದ ಎರವಲು ಕಳಿಸಿದ ಹೊಸಬಳು. ಅಕ್ಕ ಹಿಂದಿನ ಕೋಣೆಗೆ ಕಾಲಿಟ್ಟಾಗ ಅವಳು ಪರದೆಯ ಆಚೆ ಆಗಲೇ ಕೈಗವಸು ಹಾಕಿಕೊಂಡು, ಗಾಜಿನ ಪಟ್ಟಿಯ ಮೇಲೆ ಒಂದು ಅಂತ ಬರೆದು, ಮುಖವನ್ನೂ ಎತ್ತದೆ, ಒಂದನೇ ನಂಬರ್ ಬನ್ನಿ ಅಂದಳು. ಮುಂದಿನ ಕೋಣೆಯಲ್ಲಿ ಮೂವತ್ತೊಂಬತ್ತು ಜನ ಕಾಯುತ್ತಿದ್ದರು, ಹಿಂದಕ್ಕೆ ಹೋಗುವಂತಿರಲಿಲ್ಲ. ಆಗಲೇ ಹಿತ್ತಲ ಬಾಗಿಲು ಮೆಲ್ಲಗೆ ತೆರೆಯಿತು.

ಬಂದವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು, ನಲವತ್ತರ ಆಸುಪಾಸು ಇರಬೇಕು. ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು, ಬಟ್ಟೆಯಿಂದ ಸೋಪುಪುಡಿಯ ವಾಸನೆ ಬರುತ್ತಿತ್ತು, ಮುಂಗೈಯ ಮೇಲೆ ಆವಿ ತಗುಲಿದ ಹಳೆಯ ಸುಟ್ಟ ಗೆರೆಗಳು. ಕೆಲಸದ ನಡುವೆ ಅರ್ಧ ಗಂಟೆ ತಪ್ಪಿಸಿಕೊಂಡು ಬಂದಿದ್ದೇನೆ, ಹೆಸರು ಕೇಳಬೇಡಿ, ಬರೆಯಬೇಡಿ, ಗಂಡನಿಗೆ ಗೊತ್ತಾದರೆ ಮನೆ ಸೇರಿಸೋದಿಲ್ಲ ಎಂದಳು. ನಲವತ್ತು ಚೂರುಗಳೂ ಹಂಚಿ ಮುಗಿದಿದ್ದವು. ಅಕ್ಕ ತನ್ನ ಒಂದನೇ ನಂಬರನ್ನು ಅವಳ ಕೈಯಲ್ಲಿ ಇಟ್ಟಳು. ನೀನೇ ಮೊದಲು ಹೋಗು, ವರದಿಯ ದಿನ ಇದನ್ನು ತೋರಿಸಿದರೆ ಸಾಕು ಎಂದಳು. ಅವಳು ಪರದೆಯ ಹಿಂದೆ ಹೋಗಿ, ಬಂದು, ಹಿತ್ತಲಿನಿಂದಲೇ ಇಳಿದು ಹೋದಳು. ಅಕ್ಕ ಮುಂದಿನ ಬಾಗಿಲಿನಿಂದ ನಗುತ್ತಾ ಹೊರಬಂದಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಅಂತ ಅವಳಿಗೆ ಒಳಗೊಳಗೇ ಖುಷಿಯೂ ಆಯಿತು. ಪುಸ್ತಕದಲ್ಲಿ ಒಂದನೇ ನಂಬರಿನ ಮುಂದೆ ಹಿಂದಿನ ದಿನವೇ ಅಕ್ಕನ ಹೆಸರು, ಅಕ್ಕನ ಮನೆಯ ಫೋನು ಬರೆದಾಗಿತ್ತು. ಅದನ್ನು ಅವಳು ತಿದ್ದಲಿಲ್ಲ.

ಹತ್ತನೆಯ ದಿನ ಅಕ್ಕ ಮನೆಗೆ ಹೋದಾಗ ಗಂಡ ಪಾತ್ರೆ ತೊಳೆಯುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಮದುವೆಯಾದ ಮೇಲೆ ಅವನು ತೊಳೆದದ್ದು ಬಸ್ಸಿನ ಗಾಜು ಮಾತ್ರ. ಅಕ್ಕ ನಕ್ಕು, ಸೂರ್ಯ ಎಲ್ಲಿ ಹುಟ್ಟಿದ ಇವತ್ತು ಅಂತ ಕೇಳಿದಳು. ಅವನು ನಗಲಿಲ್ಲ. ಊಟ ಆಯ್ತಾ, ಬಿಸಿಲು ಜಾಸ್ತಿ, ನೀನು ತುಂಬ ಓಡಾಡ್ತೀಯ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿ ಕೊನೆಗೆ ನಲ್ಲಿ ನಿಲ್ಲಿಸಿದ.

"ಆಸ್ಪತ್ರೆಯಿಂದ ಫೋನ್ ಬಂದಿತ್ತು," ಅಂದ. "ಒಂದನೇ ನಂಬರಿನವ್ರು ಎಂಟು ದಿನದೊಳಗೆ ಬರ್ಬೇಕಂತೆ. ಜೀವಕೋಶ ಬದಲಾಗಿದೆ ಅಂದ್ರು. ತಡ ಮಾಡ್ಬೇಡಿ ಅಂತ ಎರಡು ಸಲ ಹೇಳಿದ್ರು."

ಆ ಕ್ಷಣ ಅಕ್ಕ ಎಲ್ಲವನ್ನೂ ಮರೆತಳು, ತಾನು ಪರೀಕ್ಷೆಯೇ ಮಾಡಿಸಿಕೊಂಡಿಲ್ಲ ಎಂಬುದನ್ನು ಕೂಡ. ಒಂದನೇ ನಂಬರು ತಾನೇ ಅಂತ ಹನ್ನೊಂದು ವರ್ಷ ಹೇಳಿ ಹೇಳಿ ಅವಳಿಗೇ ನಂಬಿಕೆ ಬಂದುಬಿಟ್ಟಿತ್ತು. ಗೋಡೆಗೊರಗಿ ಕೂತಳು. ಕಾಯಿಲೆ ಬಿದ್ದ ತಾಯಿಯ ಚೂಪಾದ ಮೂಗು, ಸೊರಗಿದ ಕಾಲು ಎಲ್ಲ ತನ್ನ ಮೈಯಲ್ಲೇ ಕಂಡವು. ಅವನು ಬಂದು ತಲೆ ಸವರುತ್ತಾ ಕೂತಮೇಲೆ ನೆನಪಾಯಿತು, ಇದು ತನ್ನದಲ್ಲ. ನನ್ನದಲ್ಲ, ನನ್ನದಲ್ಲ ಅಂತ ಒಳಗೇ ಕುಣಿಯುವಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ಬೆಳ್ಳಗೆ ಸುಕ್ಕಾದ ಬೆರಳುಗಳು ಕಣ್ಣ ಮುಂದೆ ಬಂದವು. ಹಾಗಾದರೆ ಇದು ಅವಳದು, ಅವಳಿಗೆ ಗೊತ್ತಿಲ್ಲ, ಅವಳು ಯಾರೆಂದು ತನಗೂ ಗೊತ್ತಿಲ್ಲ. ಸಂತೋಷಪಟ್ಟದ್ದಕ್ಕೆ ಅಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆಗಲೇ ಗಂಡನಿಗೆ ನಿಜ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಈಗ ನಿಜ ಹೇಳಿದರೆ ಹನ್ನೊಂದು ವರ್ಷದ ಸುಳ್ಳನ್ನೂ ಹೇಳಬೇಕಿತ್ತು. ಅವನು ಮಗಳಿಗೆ ಫೋನು ಮಾಡಿದ. ಮಗಳು ಚೀಲ ತುಂಬಿಕೊಂಡು ಮಾರನೆಯ ಬೆಳಿಗ್ಗೆ ಬಂದಿಳಿದಳು. ಬರುವ ದಾರಿಯಲ್ಲಿ ಮಹಡಿಯ ಮೆಟ್ಟಿಲ ಬಳಿ ರೇಡಿಯೋ ಅಕ್ಕ ಸಿಕ್ಕಿದ್ದಳು, ಮಗಳು ಅಳುತ್ತಾ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಳು.

ರೇಡಿಯೋ ಅಕ್ಕ ಎಂದರೆ ಮಹಡಿ ಗುಡಿಸುವ ಮುದುಕಿ. ಅವಳ ಕಿವಿಗೆ ಬಿದ್ದ ಸುದ್ದಿ ಅನ್ನ ಬೇಯುವಷ್ಟರಲ್ಲಿ ಮೂರು ಬೀದಿ ದಾಟುತ್ತದೆ. ಮಧ್ಯಾಹ್ನದ ಹೊತ್ತಿಗೆ ತರಗತಿಯ ಹೆಂಗಸರೆಲ್ಲ ಅಕ್ಕನನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಬ್ಬಳು ದಿಂಬು ತಂದಳು. ಇನ್ನೊಬ್ಬಳು, ಹನ್ನೊಂದು ವರ್ಷ ತಪ್ಪದೆ ಮಾಡಿಸ್ಕೊಂಡಿದ್ದಕ್ಕೇ ಬೇಗ ಗೊತ್ತಾಯ್ತು ನೋಡಿ, ನಾವೂ ತಪ್ಪಿಸಬಾರದು ಎಂದು ಉಳಿದವರಿಗೆ ಬುದ್ಧಿ ಹೇಳಿದಳು. ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಯಾರಿಗೂ ಹೇಳದೆ ಅವಳನ್ನು ಹುಡುಕಿಬಿಡೋಣ ಎಂದು ಅಕ್ಕ ಹೊರಟಳು. ಎರಡು ಬೀದಿಯಾಚೆ ಹೋಟೆಲುಗಳ ಹಾಸಿಗೆಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಿದೆ. ಸೋಪಿನ ವಾಸನೆ, ಆವಿಯ ಸುಟ್ಟ ಗೆರೆ ಅಲ್ಲಿಯದಲ್ಲದೆ ಬೇರೆಲ್ಲಿಯದು? ಬಟ್ಟೆ ಕೊಡುವ ನೆಪದಲ್ಲಿ ಒಳಗೆ ಇಣುಕಿದಳು. ಆವಿಯ ನಡುವೆ ಅರವತ್ತು ಹೆಂಗಸರು, ಎಲ್ಲರ ತಲೆಗೂ ಬಿಳಿ ಟೊಪ್ಪಿ, ಮೂಗಿಗೆ ಬಟ್ಟೆ, ಎಲ್ಲರ ಬೆರಳೂ ಬೆಳ್ಳಗೆ ಸುಕ್ಕು. ಮೇಸ್ತ್ರಿ ಬಂದು ಏನು ಬೇಕಮ್ಮ ಎಂದ. ಏನಂತ ಕೇಳುವುದು? ನಿಮ್ಮಲ್ಲಿ ಕ್ಯಾನ್ಸರಿನ ಅನುಮಾನ ಇರುವವಳು ಯಾರು ಅಂತಲೇ? ಕೇಳಿದರೆ ಅವಳ ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ಬಾಗಿಲಲ್ಲಿ ನಿಂತು ಕೆಲಸ ಬಿಡುವ ಹೊತ್ತಿಗೆ ನಾಲ್ಕೈದು ಜನರನ್ನು ಮೆಲ್ಲಗೆ ಮಾತಾಡಿಸಿದಳು, ಒಂದನೇ ನಂಬರು ಯಾರಿಗಾದರೂ ಗೊತ್ತೇ ಎಂದು. ಅದು ನಿಮ್ಮದೇ ಅಲ್ವಾ ಅಕ್ಕ, ನಾವೂ ಕೇಳಿದ್ವಿ, ಆರೋಗ್ಯ ನೋಡ್ಕೊಳ್ಳಿ ಎಂದು ಅವರೆಲ್ಲ ಮರುಗಿ ಹೋದರು. ಎರಡು ದಿನ ಹೀಗೇ ಕಳೆಯಿತು. ಎರವಲು ನರ್ಸಿಗೆ ಫೋನು ಮಾಡಿದರೆ, ದಿನಕ್ಕೆ ನಲವತ್ತು ಜನ, ಮುಖ ಯಾರು ನೋಡ್ತಾರೆ ಎಂದಳು.

ವರದಿ ಹಂಚುವ ದಿನ ಮೂವತ್ತೊಂಬತ್ತು ಚೂರುಗಳು ಬಂದವು. ಹಿತ್ತಲ ಬಾಗಿಲನ್ನು ಸಂಜೆಯವರೆಗೂ ತೆರೆದೇ ಇಟ್ಟಿದ್ದಳು. ಒಂದನೆಯದು ಬರಲಿಲ್ಲ. ಎಂಟು ದಿನದಲ್ಲಿ ಉಳಿದದ್ದು ನಾಲ್ಕು.

ಹೆಸರು ಬಚ್ಚಿಡಲು ತಾನೇ ಹೊಲಿದ ಉಪಾಯ ಈಗ ಆ ಹೆಂಗಸನ್ನು ಬಚ್ಚಿಟ್ಟುಕೊಂಡು ಕೂತಿತ್ತು. ಲಾಂಡ್ರಿಯವಳ ಕಿವಿಗೂ ಅಕ್ಕನಿಗೆ ಕಾಯಿಲೆಯಂತೆ ಎಂಬ ಸುದ್ದಿಯೇ ಬಿದ್ದಿರಬೇಕು. ಅಯ್ಯೋ ಪಾಪ ಎಂದುಕೊಂಡು ಅವಳು ಚಾದರ ಹಿಂಡುತ್ತಿರಬಹುದು. ಒಂದನೇ ನಂಬರು ತನ್ನದಲ್ಲ ಎಂದು ಅಕ್ಕ ಊರಿಗೆಲ್ಲ ಕೇಳುವಂತೆ ಹೇಳದೆ ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹೇಳಿದರೆ? ಮುಂದಿನ ಶಿಬಿರಕ್ಕೆ ಯಾರು ಬರುತ್ತಾರೆ? ಅಕ್ಕನೇ ಹೆದರಿ ಓಡಿದ ಮಂಚಕ್ಕೆ ಯಾರು ಹತ್ತುತ್ತಾರೆ? ಆರುನೂರು ಹೆಂಗಸರ ನಂಬಿಕೆ ಒಂದು ಕಡೆ, ಹೆಸರಿಲ್ಲದ ಒಬ್ಬಳ ಜೀವ ಇನ್ನೊಂದು ಕಡೆ. ಹೇಳದೆ ಇರುವುದಕ್ಕೆ ಅಕ್ಕ ಎಷ್ಟೊಂದು ಒಳ್ಳೆಯ ಕಾರಣಗಳನ್ನು ಹುಡುಕಿದಳೆಂದರೆ, ಅವು ಅಷ್ಟು ಒಳ್ಳೆಯವಾಗಿದ್ದುದರಿಂದಲೇ ಕೊನೆಗೆ ಅವಳಿಗೆ ಅನುಮಾನ ಬಂತು.

ಅವಳು ಮೊದಲು ಹೇಳಿದ್ದು ಗಂಡನಿಗೆ. ಅವನು, ನಾಲ್ಕು ದಿನದಿಂದ ನಾನು ನಿನ್ನನ್ನ ಮನಸ್ಸಲ್ಲೇ ಕಳ್ಕೊಂಡಿದ್ದೆ ಎಂದಷ್ಟೇ ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಮಗಳು ಚೀಲಕ್ಕೆ ಬಟ್ಟೆ ತುಂಬಿಕೊಂಡಳು, ಅಮ್ಮನ ಮುಖ ನೋಡಲಿಲ್ಲ.

ಮಂಗಳವಾರ ಎರಡು ಗಂಟೆಗೆ ತರಗತಿ ತುಂಬಿತ್ತು. ಕಲಿಸುವ ಟೀಚರು ಬೋರ್ಡು ಒರೆಸುತ್ತಿದ್ದಳು, ರೇಡಿಯೋ ಅಕ್ಕ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ನೀರಿಗಿಳಿದ ಮೇಲೆ ಚಳಿಯೇನು ಎಂದು ಅಕ್ಕ ಧೈರ್ಯ ತಂದುಕೊಳ್ಳಲು ನೋಡಿದಳು. ಚಳಿಯಂತೂ ಹೋಗಲಿಲ್ಲ, ನಡುಗುತ್ತಲೇ ಮಾತಾಡಿದಳು.

"ಒಂದನೇ ನಂಬರ್ ನನ್ನದಲ್ಲ. ಹನ್ನೊಂದು ವರ್ಷದಲ್ಲಿ ನಾನು ಒಂದ್ಸಲಾನೂ ಪರೀಕ್ಷೆ ಮಾಡಿಸ್ಕೊಂಡಿಲ್ಲ. ಒಳಗೆ ಹೋಗಿ ಕೂತು ಎದ್ದು ಬರ್ತಿದ್ದೆ. ಭಯ ನಂಗೆ. ಈ ಸಲ ಹಿತ್ತಲಿಂದ ಬಂದ ಒಬ್ಬರಿಗೆ ನನ್ನ ನಂಬರ್ ಕೊಟ್ಟೆ. ಕಾಯಿಲೆ ಅವರಿಗೆ ಇರಬಹುದು, ಅವರಿಗದು ಗೊತ್ತಿಲ್ಲ. ನನ್ನನ್ನ ಎಷ್ಟು ಬೇಕಾದ್ರೂ ಬೈರಿ. ಆದ್ರೆ ಈ ಮಾತು ಊರೆಲ್ಲ ಹೇಳಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಟೀಚರು ಬೋರ್ಡಿನ ಕಡೆ ತಿರುಗಿಯೇ, ನಮ್ಮಮ್ಮನ್ನ ನಿಮ್ಮ ಮುಖ ನೋಡಿಯೇ ಇಲ್ಲಿಗೆ ಕರ್ಕೊಂಡು ಬಂದಿದ್ದೆ ಎಂದಳು. ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ದಿಂಬು ತಂದಿದ್ದವಳು ದಿಂಬನ್ನು ವಾಪಸು ಎತ್ತಿಕೊಂಡಳು. ಮುಂದಿನ ಶಿಬಿರಕ್ಕೆ ಹೆಸರು ಕೊಟ್ಟಿದ್ದವರಲ್ಲಿ ಐವರು ಹೋಗುವಾಗ ತಮ್ಮ ಹೆಸರು ಹೊಡೆದುಹಾಕಲು ಹೇಳಿದರು. ಅಕ್ಕ ಅವರ ಎದುರಿಗೇ ಹೊಡೆದಳು. ರೇಡಿಯೋ ಅಕ್ಕ ಮಾತ್ರ ಪೊರಕೆಯನ್ನು ಮೂಲೆಗಿಟ್ಟು, ಗುಡಿಸದೆಯೇ ಮೆಟ್ಟಿಲಿಳಿದು ಹೋದಳು.

ಮಾರನೆಯ ದಿನ ಬೆಳಿಗ್ಗೆ ಕಬ್ಬಿಣದ ಮೆಟ್ಟಿಲಲ್ಲಿ ಸದ್ದಾಯಿತು. ಲಾಂಡ್ರಿಯವಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಒಂದನೇ ನಂಬರು. ವರದಿಯ ದಿನ ರಜೆ ಕೊಡಲಿಲ್ಲವಂತೆ. ಆಮೇಲೆ ಅಕ್ಕನಿಗೇ ಕಾಯಿಲೆ ಎಂದು ಕೇಳಿ, ಈಗ ಹೋಗಿ ತೊಂದರೆ ಕೊಡುವುದು ಬೇಡ ಎಂದು ಸುಮ್ಮನಾದಳಂತೆ. ಅಕ್ಕ ಆಸ್ಪತ್ರೆಯವರು ಹೇಳಿದ್ದನ್ನೆಲ್ಲ ಹೇಳಿದಳು. ಇದು ಕಾಯಿಲೆಯೇ ಎಂದು ಇನ್ನೂ ಗೊತ್ತಿಲ್ಲ, ಇನ್ನೊಂದು ಪರೀಕ್ಷೆ ಮಾಡಿ ನೋಡುತ್ತಾರೆ, ಬೇಗ ಹೋದರೆ ಗುಣವಾಗುತ್ತದೆ ಎಂದಳು. ಅವಳು ಅಳಲಿಲ್ಲ. ಚೂರನ್ನು ಮಡಚುತ್ತಾ ಬಿಚ್ಚುತ್ತಾ ಕೇಳಿಸಿಕೊಂಡಳು. ನಾನು ಬರಲ್ಲ ಎಂದಳು. ಅಕ್ಕ ಬೇಡಿಕೊಂಡಳು, ಅವಳ ಬಾಯಿಂದಲೇ ಮಕ್ಕಳ ಹೆಸರು ಹೇಳಿಸಿದಳು, ಗದರಿದಳು ಕೂಡ. ಹನ್ನೊಂದು ವರ್ಷ ಬಾಗಿಲು ಬಡಿದ ವಿದ್ಯೆಯೆಲ್ಲ ಖಾಲಿಯಾಯಿತು.

"ಅವತ್ತು ನೀವು ಹೆದರ್ಕೊಂಡು ನನ್ನನ್ನ ಮುಂದೆ ಕಳಿಸಿದ್ರಿ," ಅಂದಳು ಲಾಂಡ್ರಿಯವಳು. "ನಾಳೆ ನೀವು ಮೊದ್ಲು ಹೋಗಿ. ಸುಮ್ನೆ ಕೂತು ಎದ್ದು ಬರೋದಲ್ಲ. ಆಮೇಲೆ ನಾನು ಹೋಗೋದು ಬಿಡೋದು ನೋಡ್ತೀನಿ."

ಆಸ್ಪತ್ರೆಯ ಕಾರಿಡಾರಿನಲ್ಲಿ ಉದ್ದನೆಯ ಬೆಂಚು. ಅಕ್ಕ ತನಗೂ ಒಂದು ಚೀಟಿ ಮಾಡಿಸಿದಳು. ಚೀಟಿಯಲ್ಲಿ ನಂಬರಿರಲಿಲ್ಲ, ಹೆಸರೇ ಇತ್ತು. ಆ ಹೆಸರು ಕೂಗಿದರು. ಲಾಂಡ್ರಿಯವಳು ನೋಡುತ್ತಿದ್ದಳು. ಅವಳು ನೋಡುತ್ತಿರದಿದ್ದರೆ ಅಕ್ಕ ಹೊರಗಿನ ಬಾಗಿಲಿನಿಂದ ಓಡಿಹೋಗುತ್ತಿದ್ದಳು, ಇದನ್ನು ಅವಳೇ ಆಮೇಲೆ ಹೇಳಿದ್ದು.

ಒಳಗೂ ಪರದೆಯೇ. ಹಿಂದೆ ಯಾವಾಗಲಾದರೂ ಮಾಡಿಸಿದ್ದೀರಾ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದಳು ಅಕ್ಕ. ಮಲಗಿದಳು, ಕಣ್ಣು ಮುಚ್ಚಿದಳು, ಹಲ್ಲು ಕಚ್ಚಿದಳು. ಡಾಕ್ಟರು ಮೊದಲು ಏನೇನೋ ಮಾತಾಡಿಸುತ್ತಿದ್ದರು. ನಡುವೆ ಒಂದು ಹಂತದಲ್ಲಿ ಸುಮ್ಮನಾದರು. ದೀಪವನ್ನು ಹತ್ತಿರಕ್ಕೆ ಎಳೆದರು. ಒಂದು ಸಣ್ಣ ತುಣುಕು ತೆಗೀತೀನಿ, ನೋವಾಗುತ್ತೆ ಎಂದರು. ಆಯಿತು. ಕೈಗವಸು ಬಿಚ್ಚುತ್ತಾ, ಹತ್ತು ದಿನ ಬಿಟ್ಟು ಬನ್ನಿ, ನೀವೇ ಬರಬೇಕು, ಜೊತೆಗೆ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರು. ಏನಾದರೂ ಇದೆಯಾ ಎಂದು ಕೇಳಿದ್ದಕ್ಕೆ, ಈಗ ಹೇಳೋಕೆ ಆಗಲ್ಲ ಎಂದರು.

ಅಕ್ಕ ಹೊರಗೆ ಬಂದಳು. ಲಾಂಡ್ರಿಯವಳು ಎದ್ದು ನಿಂತಿದ್ದಳು.

"ಏನಂದ್ರು?"

ಏನಿಲ್ಲ, ಇರುವೆ ಕಚ್ಚಿದಷ್ಟೂ ಇಲ್ಲ ಎಂಬ ಮಾತು ರೂಢಿಯ ಬಲದಿಂದ ನಾಲಗೆಯ ತುದಿಗೆ ಬಂದಿತ್ತು. ಹಾಗೆಂದರೆ ಇವಳು ಒಳಗೆ ಹೋಗುತ್ತಾಳೆ. ನಿಜ ಹೇಳಿದರೆ ಓಡಿಹೋಗಬಹುದು, ಓಡಿದರೆ ಮತ್ತೆ ಸಿಗುವುದಿಲ್ಲ. ಒಂದು ಸುಳ್ಳಿಗೆ ಒಂದು ಜೀವ ಉಳಿಯುವುದಾದರೆ ಹೇಳಬಾರದೇಕೆ ಎಂದು ಅಕ್ಕ ತೂಗಿ ನೋಡಿದಳು. ಆದರೆ ಹೆದರಿದವರ ಕಣ್ಣಿಗೆ ಹೆದರಿದವರು ಕಾಣದೆ ಇರುತ್ತಾರೆಯೇ? ಅವಳಿಗೆ ತುಂಬ ಸುಸ್ತಾಗಿತ್ತು.

"ನೋವಾಯ್ತು," ಅಂದಳು. "ತಡ್ಕೋಬಹುದು, ಆದ್ರೆ ನೋವಾಯ್ತು. ನನ್ನದ್ರಲ್ಲೂ ಏನೋ ಕಂಡಿರ್ಬೇಕು, ತುಣುಕು ತೆಗ್ದಿದ್ದಾರೆ. ಹತ್ತು ದಿನ ಬಿಟ್ಟು ಮನೆಯವ್ರನ್ನ ಕರ್ಕೊಂಡು ಬಾ ಅಂದ್ರು. ಹೋಗೋಕೆ ಮುಂಚೆ ಇದ್ದಿದ್ದಕ್ಕಿಂತ ಈಗ ಭಯ ಜಾಸ್ತಿ ಇದೆ."

ಲಾಂಡ್ರಿಯವಳು ಹೊರಬಾಗಿಲ ಕಡೆ ನೋಡಿದಳು. ಬಾಗಿಲು ತೆರೆದಿತ್ತು, ಬೀದಿಯ ಬಿಸಿಲು ಕಾಣುತ್ತಿತ್ತು. ಅಕ್ಕ ಅವಳ ಕೈ ಹಿಡಿಯಲಿಲ್ಲ, ಹಿಡಿಯುವ ಹಕ್ಕು ತನಗಿಲ್ಲ ಎನ್ನಿಸಿತು. ಒಳಗಿನಿಂದ ನರ್ಸು ಇನ್ನೊಂದು ಹೆಸರು ಕೂಗಿದಳು. ಅಕ್ಕ ಆ ಹೆಸರನ್ನು ಕೇಳಿದ್ದು ಅದೇ ಮೊದಲು.

"ನೀವು ಇಲ್ಲೇ ಕೂತಿರ್ತೀರಾ?" ಅಂತ ಲಾಂಡ್ರಿಯವಳು ಕೇಳಿದಳು.

"ಕೂತಿರ್ತೀನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಪರದೆ ಸರಿಸಿ ಒಳಗೆ ಹೋದಳು. ಅಕ್ಕ ಬೆಂಚಿನ ಮೇಲೆ ಕೂತಳು. ಎರಡೂ ಕೈ ನಡುಗುತ್ತಿದ್ದವು, ಅವುಗಳನ್ನು ಬಚ್ಚಿಡಲು ಅವಳು ಹೋಗಲಿಲ್ಲ.